ಒಮ್ಮುಖದ ಸಂಸ್ಥಾನಗಳಲ್ಲಿ ಅಧ್ಯಕ್ಷರ ಚುನಾವಣೆ



1936ನೆಯ ಇಸವಿ ನವೆಂಬರ್ 3ನೆಯ ತಾರೀಖು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆಯಿತು. ಆಗ ಅಲ್ಲಿದ್ದ ಸಂಸ್ಥಾನಗಳು 48. ಅವುಗಳಲ್ಲಿ 46 ಸಂಸ್ಥಾನಗಳು ಡೆಮೊಕ್ರಾಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟರನ್ನು ವರಿಸಿದುವು. ರಿಪಬ್ಲಿಕನ್ ಪಕ್ಷದ ಉಮೇದುವಾರರಾಗಿದ್ದ ಆಲ್‌ಫ್ರೆಡ್ ಲ್ಯಾಂಡನ್ನರ ಕೈ ಹಿಡಿದುವು ಎರಡೇ ಎರಡು. ಅವು ದೇಶದ ಈಶಾನ್ಯ ಭಾಗದಲ್ಲಿರುವ ಮೇನ್ ಮತ್ತು ವರ್ಮಾಂಟ್. ಮೇನ್ ಹೋದ ಹಾದಿಯಲ್ಲಿ ದೇಶವೂ ಹೋಗುತ್ತದೆ ಎಂದು ಅಲ್ಲಿ ಒಂದು ಹಳೆಯ ಗಾದೆಯಿತ್ತು. ರೂಸ್‌ವೆಲ್ಟರ ಚುನಾವಣೆಯ ಭಾರವನ್ನು ಹೊತ್ತಿದ್ದ ಜೇಮ್ಸ್ ಫಾರ್ಲೆಯವರು ಆ ಗಾದೆಯನ್ನು ತಿದ್ದಿ, ಮೇನ್ ಹೋದ ಹಾದಿಯಲ್ಲಿ ವರ್ಮಾಂಟ್ ಹೋಗುತ್ತದೆ ಎಂದು ವಿನೋದವಾಡಿದರು. ದೇಶವೂ ಅವರೊಡನೆ ನಕ್ಕಿತು.

ಅದೇ ದಿನ ದಕ್ಷಿಣ ಕೆರೊಲಿನಾ ಎಂಬ ಸಂಸ್ಥಾನದಲ್ಲಿ ರೂಸ್‌ವೆಲ್ಟರಿಗೆ ನೂರಕ್ಕೆ ತೊಂಬತ್ತೆಂಟೂವರೆ ಮತಗಳು ಬಂದುವು. ಇದು ದೇಶದಲ್ಲೆಲ್ಲ ಅತ್ಯಂತ ದೊಡ್ಡ ಪ್ರಮಾಣ. ಆದರೆ ಇದನ್ನು ಕುರಿತು ವಿಶೇಷವಾದ ಚರ್ಚೆಯೇನೂ ನಡೆಯಲಿಲ್ಲ. ಅಲ್ಲಿ ಅದು ಹಾಗೆಯೇ ಆಗತಕ್ಕದ್ದೆಂದು ಎಲ್ಲರೂ ಬಲ್ಲರು.

ನಮ್ಮ ಸಂಘಸಂಸ್ಥೆಗಳ ವಾರ್ಷಿಕ ಸಭೆಯಲ್ಲಿ ಇಂಥವರು ಅವಿರೋಧವಾಗಿ ಚುನಾಯಿತರಾದರೆಂದು ಓದಿದೊಡನೆ ನಾವು ಚಪ್ಪಾಳೆ ತಟ್ಟುತ್ತೇವೆ. ಅವಿರೋಧಕ್ಕೆ ಎರಡು ಕಾರಣಗಳಿರಬಹುದು. ವಿರೋಧಿಸುವವರು ಇಲ್ಲದಿರುವುದು ಒಂದು. ಇರುವವರನ್ನು ಸಭೆಯ ಬಾಗಿಲೊಳಕ್ಕೆ ಬಿಡದಿರುವುದು ಮತ್ತೊಂದು. ಒಳಗೆ ಕುಳಿತವರಿಗೆ ಎರಡು ಸಂದರ್ಭಗಳಲ್ಲಿಯೂ ಕೇಳಿಸುವುದು ಅದೇ ಚಪ್ಪಾಳೆ. ಒಂದು ಸಂಸ್ಥಾನವು ಒಂದೇ ಪಕ್ಷದ ಕಡೆಗೆ ವಾಲಿದೆಯೆಂದು ಕೇಳಿದಾಗ, ಅದು ಈ ಎರಡರಲ್ಲಿ ಯಾವ ಬಗೆಯ ಒಮ್ಮುಖತೆಯೆಂಬುದನ್ನು ತಿಳಿಯುವುದು ಹೇಗೆ? ವರ್ಮಾಂಟ್ ಮತ್ತು ದಕ್ಷಿಣ ಕೆರೊಲಿನಾ ಇವೆರಡನ್ನೂ ಎದುರುಬದುರಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ.

ಮೊದಲು ಅಲ್ಲಿನ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಮೆರಿಕದ ಪ್ರಜೆಗಳು ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಪ್ರತಿಯೊಂದು ಸಂಸ್ಥಾನಕ್ಕೂ ಇಷ್ಟು ಮಂದಿ ಚುನಾಯಕರೆಂದು ಗೊತ್ತಾಗಿರುತ್ತದೆ. ರಾಷ್ಟ್ರದ ಶಾಸನಸಭೆಯ ಕೆಳಮನೆಯಲ್ಲಿ ಆ ಸಂಸ್ಥಾನಕ್ಕೆ ಎಷ್ಟು ಸ್ಥಾನಗಳೋ ಅಷ್ಟು, ಮೇಲ್ಮನೆಯ ಎರಡು ಸ್ಥಾನಗಳಿಗೆ ಇನ್ನೆರಡು. ಇವುಗಳ ಮೊತ್ತವೇ ಚುನಾಯಕರ ಸಂಖ್ಯೆ. ಕೆಳಮನೆಯ ಸ್ಥಾನಗಳನ್ನು ಹಂಚುವುದು ಖಾನೇಷುಮಾರಿಯ ಜನಸಂಖ್ಯೆಯನ್ನು ನೋಡಿ. ಮತ ಕೊಟ್ಟವರ ಸಂಖ್ಯೆಯನ್ನು ನೋಡಿ ಅಲ್ಲ. ಇದನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಬಹುಮಟ್ಟಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಇರುವ ಇನ್ನೊಂದು ನಿಯಮವೆಂದರೆ, ಹೆಚ್ಚು ಮತ ಪಡೆದವರಿಗೆ ಆ ಸಂಸ್ಥಾನದ ಚುನಾಯಕರೆಲ್ಲರೂ ಸಲ್ಲುತ್ತಾರೆ. ಒಂದು ಮತದಿಂದ ಸೋತವರಿಗೂ ದೊರೆಯುವುದು ಸೊನ್ನೆಯೇ. 1936ರಲ್ಲಿ ಚುನಾಯಕರ ಒಟ್ಟು ಸಂಖ್ಯೆ 531. ರೂಸ್‌ವೆಲ್ಟರಿಗೆ 523, ಲ್ಯಾಂಡನ್ನರಿಗೆ 8. ಈ ಎಂಟರಲ್ಲಿ ವರ್ಮಾಂಟಿನವು ಮೂರು.

ಇನ್ನು ವರ್ಮಾಂಟಿನ ವಿಷಯ. ಅದು ಬೆಟ್ಟಗಳ ನಾಡು. ಹೈನು ಅಲ್ಲಿಯ ಮುಖ್ಯವಾದ ಕಸಬು. 1930ರ ಖಾನೇಷುಮಾರಿಯಲ್ಲಿ ಅಲ್ಲಿನ ಜನಸಂಖ್ಯೆ 3,59,611. ಗುಲಾಮಗಿರಿಯನ್ನು ನಿಷೇಧಿಸುವ ಮಾತನ್ನು 1777ರಷ್ಟು ಹಿಂದೆಯೇ ತನ್ನ ರಾಜ್ಯಾಂಗದಲ್ಲಿ ಬರೆದುಕೊಂಡ ನಾಡು ಅದು. ಗುಲಾಮಗಿರಿ ಹರಡುವುದನ್ನು ತಡೆಯಬೇಕೆಂದು 1854ರಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿದಾಗ ವರ್ಮಾಂಟಿನ ಜನ ಅದನ್ನು ತಮ್ಮದೆಂದೇ ತಿಳಿದರು. 1856ರಿಂದ 1960ರವರೆಗೆ ನಡೆದ ಅಧ್ಯಕ್ಷರ ಚುನಾವಣೆಗಳಲ್ಲಿ ಒಂದನ್ನೂ ಬಿಡದೆ ಅವರು ರಿಪಬ್ಲಿಕನ್ ಉಮೇದುವಾರರನ್ನೇ ಗೆಲ್ಲಿಸಿದರು. ತಂದೆ ಕೊಟ್ಟ ಪಕ್ಷಕ್ಕೆ ಮಗ, ಅಜ್ಜ ಕೊಟ್ಟ ಪಕ್ಷಕ್ಕೆ ಮೊಮ್ಮಗ ಮತ ಕೊಡುತ್ತ ಬಂದರು. ಇದಕ್ಕಿಂತ ಹೆಚ್ಚಿನ ಒಮ್ಮುಖತೆಯನ್ನು ಎಲ್ಲಿ ಹುಡುಕೋಣ?

ಆದರೆ 1936ರ ಲೆಕ್ಕವನ್ನು ಬಿಡಿಸಿ ನೋಡಿದರೆ ಬೇರೊಂದು ಚಿತ್ರ ತೋರುತ್ತದೆ. ವರ್ಮಾಂಟಿನಲ್ಲಿ ಲ್ಯಾಂಡನ್ನರಿಗೆ ಬಂದ ಮತಗಳು 81,023, ರೂಸ್‌ವೆಲ್ಟರಿಗೆ 62,124. ಎಂದರೆ ದೇಶದಲ್ಲೆಲ್ಲ ಹಟಮಾರಿಯೆಂದು ಹೆಸರಾದ ಈ ಸಂಸ್ಥಾನದಲ್ಲಿ ನೂರಕ್ಕೆ ನಲವತ್ತಮೂರು ಮಂದಿ ಎದುರು ಪಕ್ಷಕ್ಕೆ ಮತ ಕೊಟ್ಟರು. ಹಾಗೆ ಕೊಟ್ಟು ಮನೆಗೆ ಹೋಗಿ ಮರುದಿನ ಎಂದಿನಂತೆ ಹಾಲು ಕರೆದರು.

ಒಂದೇ ಪಕ್ಷವಾದರೂ ಅದರೊಳಗೆ ವಾದವಿವಾದಕ್ಕೆ ಕೊರತೆಯಿರಲಿಲ್ಲ. ಸಂಸ್ಥಾನವನ್ನು ನಡುವೆ ಸೀಳುವ ಹಸುರುಬೆಟ್ಟಗಳ ಸಾಲೊಂದುಂಟು. ಬೆಟ್ಟದ ಪೂರ್ವದವರೊಬ್ಬರು ಗವರ್ನರಾದರೆ ಮುಂದಿನ ಬಾರಿ ಪಶ್ಚಿಮದವರೊಬ್ಬರು ಆಗತಕ್ಕದ್ದೆಂದು ಪಕ್ಷದೊಳಗೆ ಬಹುಕಾಲ ಒಂದು ಕಟ್ಟಳೆ ನಡೆದುಬಂದಿತು. ಮಾರ್ಚಿ ತಿಂಗಳ ಮೊದಲನೆಯ ಮಂಗಳವಾರ ಊರೂರಿನಲ್ಲಿಯೂ ಜನ ಸಭೆ ಸೇರಿ, ರಸ್ತೆ ಪಾಠಶಾಲೆಗಳ ಖರ್ಚಿನ ಮೇಲೆ ಎದ್ದು ನಿಂತು ವಾದಿಸುವ ಪದ್ಧತಿ ಅಲ್ಲಿ ಇಂದಿಗೂ ಉಂಟು. 1936ರ ಮಾರ್ಚಿಯಲ್ಲಿ ಅಂಥ ಸಭೆಗಳ ಮುಂದೆ ಒಂದು ಪ್ರಶ್ನೆ ಬಂದಿತು. ರೂಸ್‌ವೆಲ್ಟರ ಸರ್ಕಾರ ಕೋಟಿಗೂ ಮೇಲ್ಪಟ್ಟ ಡಾಲರುಗಳನ್ನು ವೆಚ್ಚಮಾಡಿ ಬೆಟ್ಟಗಳ ಉದ್ದಕ್ಕೂ ಒಂದು ವಿಹಾರಮಾರ್ಗವನ್ನು ಕಟ್ಟಿಸಿಕೊಡುವುದಾಗಿ ಹೇಳಿತ್ತು. ನಿರುದ್ಯೋಗದ ಕಾಲ, ದೊರೆಯುವ ಹಣ ಪರರದು. ಆದರೂ ಜನ ಮತ ಹಾಕಿ ಬೇಡವೆಂದರು. ಅವರ ತೀರ್ಮಾನ ಸರಿಯೋ ತಪ್ಪೋ, ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಬೇಕೆಂದವರೂ ಬೇಡವೆಂದವರೂ ಒಂದೇ ಚಾವಡಿಯಲ್ಲಿ ಕುಳಿತು ತೀರ್ಮಾನಿಸಿದರೆಂಬುದಷ್ಟೇ ನಮಗೆ ಮುಖ್ಯ.

ಈಗ ದಕ್ಷಿಣ ಕೆರೊಲಿನಾವನ್ನು ನೋಡೋಣ. ಹತ್ತಿಯ ನಾಡು, 1930ರ ಜನಸಂಖ್ಯೆ 17,38,765. ಎಂದರೆ ವರ್ಮಾಂಟಿನ ಸುಮಾರು ಐದರಷ್ಟು. 1936ರಲ್ಲಿ ಅಲ್ಲಿ ರೂಸ್‌ವೆಲ್ಟರಿಗೆ 1,13,791 ಮತಗಳು, ಲ್ಯಾಂಡನ್ನರಿಗೆ 1,646. ಎರಡನ್ನೂ ಕೂಡಿಸಿದರೆ 1,15,437. ವರ್ಮಾಂಟಿನಲ್ಲಿ ಚಲಾಯಿತವಾದ ಒಟ್ಟು ಮತಗಳು ಸುಮಾರು 1,43,700. ಐದರಲ್ಲೊಂದು ಪಾಲು ಜನರಿರುವ ಸಂಸ್ಥಾನ ಐದು ಪಾಲಿನ ಸಂಸ್ಥಾನಕ್ಕಿಂತ ಹೆಚ್ಚು ಮತಗಳನ್ನು ಹಾಕಿತು! ಎಳೆಯ ಮಕ್ಕಳನ್ನೂ ಸೇರಿಸಿ ಲೆಕ್ಕಹಾಕಿದರೂ ವರ್ಮಾಂಟಿನಲ್ಲಿ ನೂರು ಜನರಲ್ಲಿ ನಲವತ್ತು ಮಂದಿ ಮತ ಕೊಟ್ಟರು; ದಕ್ಷಿಣ ಕೆರೊಲಿನಾದಲ್ಲಿ ಏಳು ಮಂದಿಯೂ ಕೊಡಲಿಲ್ಲ. ನೂರಕ್ಕೆ ತೊಂಬತ್ತೆಂಟೂವರೆ ಎಂದು ನಾವು ಆಗಲೇ ಹೇಳಿದ ಸಂಖ್ಯೆ ಈ ಏಳರೊಳಗಿನ ತೊಂಬತ್ತೆಂಟೂವರೆ.

ಮಿಕ್ಕ ತೊಂಬತ್ತಮೂರು ಮಂದಿ ಎಲ್ಲಿದ್ದರು? ಇದಕ್ಕೆ ಉತ್ತರವನ್ನು ಅರುವತ್ತು ವರ್ಷಗಳಷ್ಟು ಹಿಂದೆ ಹೋಗಿ ಹುಡುಕಬೇಕು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲೆ, 1868ರ ಹೊಸ ರಾಜ್ಯಾಂಗದಂತೆ ಅಲ್ಲಿನ ಕಪ್ಪು ಜನರಲ್ಲಿ ಗಂಡಸರಿಗೆ ಮತಾಧಿಕಾರ ದೊರೆಯಿತು. ಆಗ ಸಂಸ್ಥಾನದಲ್ಲಿ ಅವರೇ ಬಹುಸಂಖ್ಯಾತರು. ಶಾಸನಸಭೆಯ ಕೆಳಮನೆಯಲ್ಲಿಯೂ ಅವರಿಗೆ ಬಹುಮತವಿತ್ತು. 1876ರ ಅಧ್ಯಕ್ಷರ ಚುನಾವಣೆಯಲ್ಲಿ ಅಲ್ಲಿ ಸುಮಾರು 1,82,000 ಮತಗಳು ಬಿದ್ದುವು. ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಒಂದು ಸಾವಿರವನ್ನು ಮುಟ್ಟಲಿಲ್ಲ. ಆ ಚುನಾವಣೆಯಲ್ಲಿ ರಕ್ತಪಾತವೂ ಮೋಸವೂ ನಡೆದುದು ನಿಜ. ಆದರೂ ಅಂದು ಅದು ಒಮ್ಮುಖದ ಸಂಸ್ಥಾನವಾಗಿರಲಿಲ್ಲ. ಅದನ್ನು ಒಮ್ಮುಖವಾಗಿ ಮಾಡಿದ ಕೆಲಸ ಆ ಬಳಿಕ ಮೆಟ್ಟಲು ಮೆಟ್ಟಲಾಗಿ ನಡೆಯಿತು.

ಮೊದಲನೆಯದು 1882ರ ಕಾಯಿದೆ. ಅದರಂತೆ ಮತ ಕೊಡುವ ಸ್ಥಳದಲ್ಲಿ ಒಂದೊಂದು ಹುದ್ದೆಗೆ ಒಂದೊಂದರಂತೆ ಎಂಟು ಪೆಟ್ಟಿಗೆಗಳನ್ನು ಇಡುತ್ತಿದ್ದರು. ಇಂಥ ಹುದ್ದೆಯ ಚೀಟಿಯನ್ನು ಇಂಥ ಪೆಟ್ಟಿಗೆಗೇ ಹಾಕಬೇಕು; ತಪ್ಪಿ ಬೇರೆ ಪೆಟ್ಟಿಗೆಗೆ ಹಾಕಿದರೆ ಆ ಮತ ರದ್ದು. ಪೆಟ್ಟಿಗೆಯ ಮೇಲಿನ ಬರಹವನ್ನು ಓದಲಾರದವನು ಸುತ್ತಲೂ ನೋಡುತ್ತ ನಿಲ್ಲಬೇಕು. ಗುರುತು ಹೇಳಿಕೊಟ್ಟರೂ ಪ್ರಯೋಜನವಾಗದಂತೆ ಪೆಟ್ಟಿಗೆಗಳ ಸ್ಥಾನವನ್ನು ಬದಲಾಯಿಸುವುದೂ ಉಂಟು. ಓದುಬರಹ ಕಲಿಯುವುದನ್ನೇ ಅಪರಾಧವೆಂದು ಎಣಿಸಿದ್ದ ಗುಲಾಮಗಿರಿಯಿಂದ ಬಿಡುಗಡೆಯಾಗಿ ಆಗಿನ್ನೂ ಇಪ್ಪತ್ತು ವರ್ಷಗಳು ತುಂಬಿರಲಿಲ್ಲ.

ಎರಡನೆಯದು 1895ರ ರಾಜ್ಯಾಂಗ. ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯಾಂಗದ ಯಾವ ಭಾಗವನ್ನು ಕೇಳಿದರೂ ಓದಿ ಬರೆದು ತೋರಿಸಬೇಕು. ಇಲ್ಲವೆ 300 ಡಾಲರು ಬೆಲೆಯ ಸ್ವತ್ತು ಇರಬೇಕು. ಇದರೊಡನೆ ಚುನಾವಣೆಗೆ ಆರು ತಿಂಗಳು ಮುಂಚಿತವಾಗಿಯೇ ತಲೆಗಂದಾಯವನ್ನು ಕಟ್ಟಿರಬೇಕು. ಓದಿದುದು ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಪಟ್ಟಿ ಬರೆಯುವ ಅಧಿಕಾರಿಯದು. ಈ ನಿಯಮಗಳಲ್ಲಿ ಎಲ್ಲಿಯೂ ಬಣ್ಣದ ಹೆಸರಿಲ್ಲ. ಹೆಸರಿಡದೆಯೇ ಅವು ತಮ್ಮ ಕೆಲಸವನ್ನು ಮಾಡಿದುವು. ಕಪ್ಪು ಜನರೊಂದಿಗೆ ಬಡ ಬಿಳಿಯರನ್ನೂ ಹೊರಗೆ ನಿಲ್ಲಿಸಿದುವು.

ಮೂರನೆಯದು ಪಕ್ಷದ ಒಳಚುನಾವಣೆ. ಡೆಮೊಕ್ರಾಟಿಕ್ ಪಕ್ಷ ತನ್ನ ಉಮೇದುವಾರರನ್ನು ಗೊತ್ತುಮಾಡಲು ಬೇಸಗೆಯಲ್ಲಿ ಒಂದು ಚುನಾವಣೆ ನಡೆಸುತ್ತಿತ್ತು. ಪಕ್ಷವು ಖಾಸಗಿಯವರ ಕೂಟ, ಕೂಟದವರು ತಮಗೆ ಬೇಕಾದವರನ್ನು ಸೇರಿಸಿಕೊಳ್ಳಬಹುದು ಎಂಬ ನೆವದಿಂದ ಕಪ್ಪು ಜನರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇತರ ಪಕ್ಷಗಳು ಹೆಸರಿಗಷ್ಟೇ ಇದ್ದುದರಿಂದ ಬೇಸಗೆಯಲ್ಲಿ ಗೆದ್ದವರೇ ನವೆಂಬರಿನಲ್ಲಿ ಗೆದ್ದಂತೆ. ಹೀಗಾಗಿ ಮತಾಧಿಕಾರವಿದ್ದ ಬಿಳಿಯರಲ್ಲಿಯೂ ಅನೇಕರು ಅಧ್ಯಕ್ಷರ ಚುನಾವಣೆಯ ದಿನ ಮನೆ ಬಿಟ್ಟು ಹೊರಡುತ್ತಿರಲಿಲ್ಲ. 1924ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಬಿದ್ದ ಮತಗಳು ಸುಮಾರು 50,700. ಜನಸಂಖ್ಯೆ ಬೆಳೆದಿದ್ದಿತು, 1920ರಿಂದ ಹೆಂಗಸರಿಗೂ ಮತಾಧಿಕಾರ ಬಂದಿದ್ದಿತು. ಆದರೂ 1876ರಲ್ಲಿ ಬಿದ್ದುದರ ಮೂರರಲ್ಲೊಂದು ಪಾಲು ಕೂಡ ಬೀಳಲಿಲ್ಲ.

ಇನ್ನೊಂದು ಮಾತು. ಗುಪ್ತ ಮತಪತ್ರದ ಕ್ರಮ ಆ ಸಂಸ್ಥಾನಕ್ಕೆ ಬಂದುದು 1950ರಲ್ಲಿ. ಅದಕ್ಕೆ ಮೊದಲು ಪಕ್ಷಗಳೇ ಅಚ್ಚುಹಾಕಿಸಿದ ಬೇರೆ ಬೇರೆ ಚೀಟಿಗಳನ್ನು ಎತ್ತಿಕೊಂಡು ಪೆಟ್ಟಿಗೆಗೆ ಹಾಕಬೇಕಾಗಿತ್ತು. ಯಾರು ಯಾವ ಚೀಟಿಯನ್ನು ಎತ್ತಿಕೊಂಡರೆಂಬುದನ್ನು ನಿಂತವರು ನೋಡಬಹುದಾಗಿತ್ತು. ಜಮೀನಿನ ಒಡೆಯ ಅಲ್ಲಿಯೇ ಇರಬಹುದು, ಸಾಲ ಕೊಟ್ಟ ವರ್ತಕನೂ ಇರಬಹುದು. ಹೀಗಿರುವಲ್ಲಿ 1936ರಲ್ಲಿ ಲ್ಯಾಂಡನ್ನರ ಚೀಟಿಯನ್ನು ಕೈಯಲ್ಲಿ ಹಿಡಿದು ನಡೆದ ಆ 1,646 ಮಂದಿಯನ್ನು ನಾವು ಲಘುವಾಗಿ ಎಣಿಸಲಾಗದು. ಅವರ ಅಭಿಪ್ರಾಯ ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ರೂಸ್‌ವೆಲ್ಟರು ಬಡವರ ಕಷ್ಟಕ್ಕೆ ಒದಗಿದವರು. ಎಲ್ಲರಿಗೂ ಬಾಗಿಲು ತೆರೆದಿದ್ದರೂ ಅವರೇ ಗೆಲ್ಲುತ್ತಿದ್ದರೋ ಏನೋ. ಆದರೆ ಕೇಳದೆಯೇ ಊಹಿಸಿದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲಾಗುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಒಂದು ಸಂಸ್ಥಾನದ ಒಳಗಿನ ಅನ್ಯಾಯವೆಂದು ಬಿಡಬಹುದಾಗಿತ್ತು. ಆದರೆ ಚುನಾಯಕರನ್ನು ಹಂಚುವುದು ಜನಸಂಖ್ಯೆಯ ಮೇಲೆಂದು ನಾವು ಮೊದಲೇ ಹೇಳಿದೆವಷ್ಟೆ. ಖಾನೇಷುಮಾರಿಯವರು ಬಂದಾಗ ಕಪ್ಪು ಜನರೆಲ್ಲರೂ ಲೆಕ್ಕಕ್ಕೆ ಸೇರುತ್ತಿದ್ದರು. ಮತದ ದಿನ ಮಾತ್ರ ಲೆಕ್ಕದಿಂದ ಹೊರಗೆ. ಆದಕಾರಣ ದಕ್ಷಿಣ ಕೆರೊಲಿನಾಕ್ಕೆ ಎಂಟು ಚುನಾಯಕರು, ವರ್ಮಾಂಟಿಗೆ ಮೂರು. ಮತ ಕೊಟ್ಟವರ ಸಂಖ್ಯೆಯಿಂದ ಭಾಗಿಸಿದರೆ ವರ್ಮಾಂಟಿನಲ್ಲಿ ಸುಮಾರು 48,000 ಮಂದಿಗೆ ಒಬ್ಬ ಚುನಾಯಕ. ದಕ್ಷಿಣ ಕೆರೊಲಿನಾದಲ್ಲಿ ಸುಮಾರು 14,400 ಮಂದಿಗೇ ಒಬ್ಬ. ಹೊರಗೆ ನಿಲ್ಲಿಸಲ್ಪಟ್ಟವರ ತೂಕವನ್ನೂ ಒಳಗಿದ್ದವರೇ ತಮ್ಮ ತಕ್ಕಡಿಗೆ ಹಾಕಿಕೊಂಡರು. ಮತಾಧಿಕಾರವನ್ನು ತಪ್ಪಿಸಿದ ಸಂಸ್ಥಾನಗಳ ಸ್ಥಾನಗಳನ್ನು ಅದಕ್ಕೆ ತಕ್ಕಂತೆ ಕಡಿಮೆಮಾಡಬೇಕೆಂದು 1868ರ ಹದಿನಾಲ್ಕನೆಯ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರೂ, ಆ ಮಾತು ಎಂದೂ ಆಚರಣೆಗೆ ಬರಲಿಲ್ಲ.

ಈ ಎರಡು ಬಗೆಯ ಒಮ್ಮುಖತೆಗಳೂ ಮುಂದೆ ಸಡಿಲಿದುವು. ಸಡಿಲಿದ ರೀತಿಯಲ್ಲಿಯೇ ಅವುಗಳ ಭೇದ ಚೆನ್ನಾಗಿ ಕಾಣುತ್ತದೆ.

ದಕ್ಷಿಣ ಕೆರೊಲಿನಾದಲ್ಲಿ ಬದಲಾವಣೆ ನ್ಯಾಯಸ್ಥಾನದ ಮೂಲಕ ಬರಬೇಕಾಯಿತು. ಬಿಳಿಯರಿಗೆ ಮಾತ್ರ ಮೀಸಲಾದ ಒಳಚುನಾವಣೆ ರಾಜ್ಯಾಂಗಕ್ಕೆ ವಿರುದ್ಧವೆಂದು 1944ರಲ್ಲಿ ಟೆಕ್ಸಾಸಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಸ್ಥಾನ ತೀರ್ಪಿತ್ತಿತು. ಕೆಲವೇ ದಿನಗಳಲ್ಲಿ ದಕ್ಷಿಣ ಕೆರೊಲಿನಾದ ಶಾಸನಸಭೆ ವಿಶೇಷಾಧಿವೇಶನ ಸೇರಿ, ಒಳಚುನಾವಣೆಗೆ ಸಂಬಂಧಪಟ್ಟ ಕಾಯಿದೆಗಳನ್ನೆಲ್ಲ ತಾನೇ ರದ್ದುಮಾಡಿತು. ಸರ್ಕಾರದ ಕಾಯಿದೆಯೇ ಇಲ್ಲವಾದ ಮೇಲೆ ಪಕ್ಷವು ಕೇವಲ ಖಾಸಗಿ ಕೂಟವೆನ್ನಬಹುದಲ್ಲವೆ? ಕೊಲಂಬಿಯಾ ನಗರದಲ್ಲಿ ಅಂಗಡಿ ನಡೆಸುತ್ತಿದ್ದ ಜಾರ್ಜ್ ಎಲ್ಮೋರ್ ಎಂಬ ಕಪ್ಪು ವರ್ತಕರು ಇದರ ಮೇಲೆ ದಾವಾ ಹೂಡಿದರು. 1947ರಲ್ಲಿ ಜಡ್ಜಿ ವೇಟೀಸ್ ವೇರಿಂಗರು ಅವರ ಪಕ್ಷವಾಗಿ ತೀರ್ಪು ಕೊಟ್ಟು, ದಕ್ಷಿಣ ಕೆರೊಲಿನಾ ಮತ್ತೆ ಒಕ್ಕೂಟಕ್ಕೆ ಸೇರುವ ಕಾಲ ಬಂದಿದೆಯೆಂದರು. ವೇರಿಂಗರು ಆ ನಾಡಿನ ಹಳೆಯ ಬಿಳಿಯ ಮನೆತನದವರೇ. ತೀರ್ಪಿನ ಅನಂತರ ಅವರ ಮನೆಗೆ ನೆರೆಯವರು ಬರುವುದನ್ನು ಬಿಟ್ಟರು. ನಿವೃತ್ತರಾದ ಮೇಲೆ ಅವರು ಹುಟ್ಟಿದ ಊರನ್ನು ತೊರೆದು ನ್ಯೂಯಾರ್ಕಿಗೆ ಹೋಗಿ ನೆಲಸಬೇಕಾಯಿತು. ಎಲ್ಮೋರರ ವ್ಯಾಪಾರವೂ ನೆಲಕಚ್ಚಿತು. ಒಂದು ಸಂಸ್ಥಾನ ಎರಡು ಮುಖದಿಂದ ಮಾತಾಡಲು ಕಲಿಯುವುದಕ್ಕೆ ಈ ಇಬ್ಬರು ತೆತ್ತ ಬೆಲೆ ಇದು.

1948ರ ಬೇಸಗೆಯ ಒಳಚುನಾವಣೆಯಲ್ಲಿ ಸಹಸ್ರಾರು ಮಂದಿ ಕಪ್ಪು ಜನರು ಮತ ಕೊಟ್ಟರು. ಆ ನವೆಂಬರಿನಲ್ಲಿ ಸಂಸ್ಥಾನ ಸಿಟ್ಟಿನಿಂದ ಡೆಮೊಕ್ರಾಟಿಕ್ ಪಕ್ಷದ ಟ್ರೂಮನ್ನರನ್ನು ಬಿಟ್ಟು, ವರ್ಣಭೇದವನ್ನು ಎತ್ತಿಹಿಡಿದು ನಿಂತ ತನ್ನ ಗವರ್ನರ್ ಸ್ಟ್ರೋಮ್ ಥರ್ಮಂಡರಿಗೆ ಮತ ಕೊಟ್ಟಿತು. 1952ರಲ್ಲಾದರೋ, ಅಲ್ಲಿ ಬಿದ್ದ ಮತಗಳು 3,41,000; ಗೆಲುವಿನ ಅಂತರ ಐದು ಸಾವಿರದೊಳಗೆ. ಮತದ ಸಂಖ್ಯೆ 1936ರ ಮೂರರಷ್ಟಾಯಿತು. ತೊಂಬತ್ತೆಂಟೂವರೆ ಹೋಗಿ ಐವತ್ತೊಂದಾಯಿತು. ಕಪ್ಪು ಜನರಿಗೆ ಬಾಗಿಲು ಪೂರ್ಣವಾಗಿ ತೆರೆದುದು 1965ರ ಮತಾಧಿಕಾರದ ಶಾಸನದಿಂದ. ಅದರ ವಿರುದ್ಧ ದಕ್ಷಿಣ ಕೆರೊಲಿನಾ ಸಂಸ್ಥಾನವೇ ಸರ್ವೋಚ್ಚ ನ್ಯಾಯಸ್ಥಾನಕ್ಕೆ ಹೋಗಿ 1966ರಲ್ಲಿ ಸೋತಿತು. ಇಂಥ ಸಂಸ್ಥಾನಗಳು ಚುನಾವಣೆಯ ನಿಯಮಗಳನ್ನು ಬದಲಾಯಿಸುವ ಮುಂಚೆ ರಾಷ್ಟ್ರದ ಅನುಮತಿ ಪಡೆಯಬೇಕೆಂದು ಆ ಶಾಸನದಲ್ಲಿದ್ದ ಏರ್ಪಾಡು, 2013ರ ತೀರ್ಪೊಂದರಿಂದ ಶಕ್ತಿಗುಂದಿತು. ಆದುದರಿಂದ ಈ ಕಥೆ ಮುಗಿಯಿತೆಂದು ಹೇಳುವಂತಿಲ್ಲ.

ವರ್ಮಾಂಟಿನಲ್ಲಿ ದಾವೆಯೂ ಇಲ್ಲ, ಸೇನೆಯೂ ಇಲ್ಲ. 1962ರಲ್ಲಿ ಫಿಲಿಪ್ ಹಾಫ್ ಎಂಬ ಡೆಮೊಕ್ರಾಟರು ಅಲ್ಪ ಅಂತರದಿಂದ ಗವರ್ನರಾದರು. ನೂರು ವರ್ಷಕ್ಕೂ ಮೇಲೆ ಆ ಪಕ್ಷದವರು ಆ ಪೀಠವನ್ನು ಏರಿದುದು ಅದೇ ಮೊದಲು. 1964ರಲ್ಲಿ ನೂರಕ್ಕೆ ಅರುವತ್ತಾರು ಮಂದಿ ಡೆಮೊಕ್ರಾಟಿಕ್ ಪಕ್ಷದ ಜಾನ್ಸನ್ನರಿಗೆ ಮತ ಕೊಟ್ಟರು. ಮತ್ತೆ ಕೆಲಕಾಲ ಹಳೆಯ ಪಕ್ಷ. 1992ರಿಂದ 2024ರವರೆಗಿನ ಅಧ್ಯಕ್ಷರ ಚುನಾವಣೆಗಳಲ್ಲೆಲ್ಲ ಡೆಮೊಕ್ರಾಟಿಕ್ ಪಕ್ಷ. ಇಂದು ಅದು ಮತ್ತೆ ಒಮ್ಮುಖದ ಸಂಸ್ಥಾನ, ಮುಖ ಮಾತ್ರ ಬೇರೆ ದಿಕ್ಕಿಗೆ! ಹೀಗಿದ್ದರೂ 2024ರಲ್ಲಿ ಅಧ್ಯಕ್ಷಸ್ಥಾನಕ್ಕೆ ಡೆಮೊಕ್ರಾಟಿಕ್ ಪಕ್ಷದ ಕಮಲಾ ಹ್ಯಾರಿಸರಿಗೆ ನೂರಕ್ಕೆ ಅರುವತ್ತಕ್ಕೂ ಮೇಲ್ಪಟ್ಟು ಮತ ಕೊಟ್ಟ ಅದೇ ಜನ, ಅದೇ ದಿನ, ರಿಪಬ್ಲಿಕನ್ ಪಕ್ಷದ ಫಿಲ್ ಸ್ಕಾಟರನ್ನು ನೂರಕ್ಕೆ ಎಪ್ಪತ್ತಕ್ಕೂ ಮೇಲ್ಪಟ್ಟ ಮತಗಳಿಂದ ಗವರ್ನರನ್ನಾಗಿ ಆರಿಸಿದರು. ಒಮ್ಮುಖವಾಗಿದ್ದರೂ ಕಣ್ಣು ಮುಚ್ಚಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಶ್ರೋತೃಗಳಲ್ಲಿ ಕೆಲವರು ಹೀಗೆ ಕೇಳಬಹುದು: ಬಾಗಿಲು ತೆರೆದಿದ್ದರೇನು? ತನ್ನ ಪಕ್ಷ ಸೋಲುವುದು ಖಂಡಿತವೆಂದು ಬಲ್ಲವನು ಚಳಿಯಲ್ಲಿ ಸಾಲುಗಟ್ಟಿ ನಿಂತು ಮತ ಕೊಡುವುದರಿಂದ ಫಲವೇನು? ಪ್ರಶ್ನೆ ನ್ಯಾಯವಾದುದೇ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಪಬ್ಲಿಕನ್ ಉಮೇದುವಾರರಾದ ಟ್ರಂಪರಿಗೆ 60 ಲಕ್ಷಕ್ಕೂ ಮೇಲ್ಪಟ್ಟು ಮತಗಳು ಬಂದುವು. ಅವರು ಗೆದ್ದ ಟೆಕ್ಸಾಸಿನಲ್ಲಿ ಕೂಡ ಅವರಿಗೆ ಅಷ್ಟು ಮತಗಳು ಬರಲಿಲ್ಲ. ಆದರೆ ಕ್ಯಾಲಿಫೋರ್ನಿಯಾದ 60 ಲಕ್ಷಕ್ಕೆ ದೊರೆತ ಚುನಾಯಕರು ಒಬ್ಬರೂ ಇಲ್ಲ; ಟೆಕ್ಸಾಸಿನಲ್ಲಿ ಬೈಡನ್ನರಿಗೆ ಬಂದ 52 ಲಕ್ಷಕ್ಕೂ ಒಬ್ಬರೂ ಇಲ್ಲ. ಮೇನ್ ಮತ್ತು ನೆಬ್ರಾಸ್ಕಾ ಎಂಬ ಎರಡು ಸಂಸ್ಥಾನಗಳು ಮಾತ್ರ, ಒಂದು 1972ರಿಂದ, ಇನ್ನೊಂದು 1992ರಿಂದ, ತಮ್ಮ ಚುನಾಯಕರಲ್ಲಿ ಕೆಲವರನ್ನು ಜಿಲ್ಲೆವಾರಾಗಿ ಹಂಚುತ್ತ ಬಂದಿವೆ. ಗೆದ್ದವನಿಗೆ ಎಲ್ಲವೂ ಎಂಬ ನಿಯಮವನ್ನು ತಿದ್ದಬೇಕೆಂಬ ವಾದ ಅಲ್ಲಿ ಬಹುಕಾಲದಿಂದ ನಡೆದಿದೆ. ಅದರಲ್ಲಿ ಹುರುಳುಂಟೆಂದೇ ನಮ್ಮ ಅಭಿಪ್ರಾಯ.

ಆದರೂ ಸೋತವನ ಮತ ನೀರಿನಲ್ಲಿ ಹಾಕಿದ ಹೋಮವಲ್ಲ. 1936ರಲ್ಲಿ ವರ್ಮಾಂಟಿನ 62,124 ಮಂದಿ ಒಬ್ಬ ಚುನಾಯಕನನ್ನೂ ಗಳಿಸಲಿಲ್ಲ. ಆದರೆ ಗೆದ್ದವರಿಗೆ ತಮ್ಮ ಗೆಲುವಿನ ಅಳತೆಯನ್ನು ಅವರು ತಿಳಿಸಿದರು. ನೆರೆಹೊರೆಯಲ್ಲಿ ತನ್ನಂತೆ ಯೋಚಿಸುವವರು ಇನ್ನೂ ಇದ್ದಾರೆಂದು ಒಬ್ಬರಿಗೊಬ್ಬರು ತಿಳಿಸಿದರು. 1962ರಲ್ಲಿ ಪಲ್ಲಟವಾದಾಗ ಅದಕ್ಕೆ ನೆಲ ಸಿದ್ಧವಾಗಿದ್ದುದು ಹೀಗೆ. ದಕ್ಷಿಣ ಕೆರೊಲಿನಾದಲ್ಲಿ ಹೊರಗೆ ನಿಂತವರಿಗೆ ಸೋಲುವ ಅವಕಾಶವೂ ಇರಲಿಲ್ಲ. ಲೆಕ್ಕಕ್ಕೇ ಬಾರದವನು ಸೋಲುವುದಾದರೂ ಹೇಗೆ?

ಆ ಸಂಸ್ಥಾನ ಇಂದಿಗೂ ಒಮ್ಮುಖವೇ. 1980ರಿಂದ 2024ರವರೆಗೆ ಅದು ಅಧ್ಯಕ್ಷಸ್ಥಾನಕ್ಕೆ ರಿಪಬ್ಲಿಕನ್ನರನ್ನಲ್ಲದೆ ಬೇರೆಯವರನ್ನು ಆರಿಸಿಲ್ಲ. ಆದರೆ 2024ರಲ್ಲಿ ಅಲ್ಲಿ ಸುಮಾರು 25 ಲಕ್ಷ ಮತಗಳು ಬಿದ್ದುವು. ಗೆದ್ದ ಪಕ್ಷಕ್ಕೆ ನೂರಕ್ಕೆ ಐವತ್ತೆಂಟು, ಸೋತ ಪಕ್ಷಕ್ಕೆ ನಲವತ್ತು. 1936ರ ವರ್ಮಾಂಟಿನ ಲೆಕ್ಕ ನಿಮ್ಮ ನೆನಪಿನಲ್ಲಿರಬಹುದು: ಐವತ್ತಾರು, ನಲವತ್ತಮೂರು. ಅಂದು ದೇಶ ನಕ್ಕುದು ಯಾವ ಸಂಸ್ಥಾನವನ್ನು ನೋಡಿಯೋ, ಅದರ ಲೆಕ್ಕದ ಹತ್ತಿರಕ್ಕೆ ದಕ್ಷಿಣ ಕೆರೊಲಿನಾ ಬಂದು ಸೇರಲು ಇಷ್ಟು ಕಾಲ ಹಿಡಿಯಿತು.

ಆದುದರಿಂದ, ಯಾವ ದೇಶದ ವಾರ್ತೆಯೇ ಆಗಲಿ, ಒಬ್ಬರಿಗೆ ನೂರಕ್ಕೆ ತೊಂಬತ್ತು ಮತಗಳು ಬಂದುವೆಂದು ಪತ್ರಿಕೆಯಲ್ಲಿ ಓದಿದಾಗ, ಆ ಸಂಖ್ಯೆಯ ಮುಂದೆಯೇ ನಿಲ್ಲದೆ ಇನ್ನು ಮೂರು ಸಂಗತಿಗಳನ್ನು ಶ್ರೋತೃಗಳು ವಿಚಾರಿಸಬೇಕೆಂದು ನಮ್ಮ ಬಿನ್ನಹ. ಬರಬೇಕಾದವರಲ್ಲಿ ಬಂದವರೆಷ್ಟು? ಬಾರದವರು ತಾವಾಗಿ ಬಾರದೆ ಹೋದರೇ, ಅಥವಾ ಬಾಗಿಲಲ್ಲಿ ಯಾರಾದರೂ ತಡೆದರೇ? ಎದುರು ಮತ ಕೊಟ್ಟವರು ಮರುದಿನ ಎಂದಿನಂತೆ ತಮ್ಮ ಕೆಲಸಕ್ಕೆ ಹೋಗಬಲ್ಲರೇ? ಇವುಗಳಿಗೆ ಸಮಾಧಾನಕರವಾದ ಉತ್ತರ ದೊರೆತರೆ ಒಮ್ಮುಖತೆಯನ್ನು ಕಂಡು ನಾವು ಹೆದರಬೇಕಾದುದಿಲ್ಲ. ಅದು ಇಂದಲ್ಲ ನಾಳೆ ತಾನೇ ತಿರುಗೀತು. ದೊರೆಯದಿದ್ದರೆ ಚಪ್ಪಾಳೆಗೆ ಎತ್ತಿದ ಕೈಯನ್ನು ಅರೆಗಳಿಗೆ ತಡೆಯುವುದು ಒಳ್ಳೆಯದು.